ನಾಲ್ಕನೇ ಜ್ವರ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಚಮಚ ಹೆಪ್ಪು. ಮಹಡಿ ಮೇಲೆ ಬಾಡಿಗೆಗಿದ್ದ ಬ್ಯಾಂಕಿನ ಅಮೃತ ಮೇಡಂ ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಲು ಮೊಸರಿಲ್ಲವೆಂದು ಕೆಳಗಿಳಿದು ಬಾರದೇ ಇದ್ದಿದ್ದರೆ, ಸಂಜೆಯ ಹೊತ್ತಿಗೆ ಮೇಲೂರಿನ ಅರ್ಧ ಜನ ಮುನಿಗಂಗಪ್ಪ ಮೇಷ್ಟ್ರ ಮನೆ ಅಂಗಳದಲ್ಲಿ ಸೇರುವ ಪ್ರಮೇಯವೇ ಬರುತ್ತಿರಲಿಲ್ಲ.

ಮೇಷ್ಟ್ರ ಒಬ್ಬನೇ ಮಗ ಸಿದ್ಧಾರ್ಥ್. ಹದಿನೆಂಟು ವರ್ಷ, ಪಿಯುಸಿಯಲ್ಲಿ ತೊಂಬತ್ತೊಂದು ಪರ್ಸೆಂಟು, ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಸೀಟು. ಇಷ್ಟೆಲ್ಲ ಇಟ್ಟುಕೊಂಡು ಅವನು ಒಂದು ವಾರದ ಹಿಂದೆ ಊಟಕ್ಕೆ ಕೂತಾಗ, ಸಾರು ಬಡಿಸಿ ಅನ್ನುವಷ್ಟೇ ಸಲೀಸಾಗಿ, "ಈ ವರ್ಷ ಕಾಲೇಜಿಗೆ ಹೋಗಲ್ಲಪ್ಪ. ಮುಂದಿನ ವರ್ಷ ಹೋಗ್ತೀನಿ" ಎಂದಿದ್ದ.

ಸೋಮಾರಿತನಕ್ಕೆ ಹೇಳಿದ ಮಾತಲ್ಲ ಅದು. ಅವನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ಕಿತ್ತು. ಹನ್ನೆರಡು ತಿಂಗಳಿಗೆ ಹನ್ನೆರಡು ಕೆಲಸ ಅಂತ ಬರೆದಿಟ್ಟಿದ್ದ. ಮೊದಲ ತಿಂಗಳು ಹಿತ್ತಲಿನಲ್ಲಿ ಅಜ್ಜಿ ಸಾಕುವ ರೇಷ್ಮೆಹುಳು. ಎರಡನೇ ತಿಂಗಳು ಶಿಡ್ಲಘಟ್ಟದ ದಸ್ತಗಿರ್ ಸಾಹೇಬರ ಹತ್ತಿರ ಗೂಡಿನಿಂದ ನೂಲು ತೆಗೆಯುವ ಕೆಲಸ. ಆಮೇಲೆ ಚಿಂತಾಮಣಿಯ ಟೊಮೆಟೊ ಮಂಡಿ. ಆಮೇಲೆ ಸ್ಕಂದಗಿರಿ ಹತ್ತಲು ಬರುವವರಿಗೆ ದಾರಿ ತೋರಿಸುವುದು. ಹೀಗೆ ಎಲ್ಲಕ್ಕೂ ಒಂದು ಸಲ ಕೈಹಾಕಿ ನೋಡಿದರೆ ತನಗೆ ಏನು ಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ ಎನ್ನುವುದು ಅವನ ಲೆಕ್ಕ. ಆ ಲೆಕ್ಕದ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ವಯಸ್ಸಿನಲ್ಲಿ ಅನುಮಾನ ಇರುವುದೂ ಇಲ್ಲ.

ಮೇಷ್ಟ್ರ ಸಂಕಟ ಬೇರೆ. "ಊರಿನ ಮಕ್ಕಳಿಗೆಲ್ಲ ಒಂದು ವರ್ಷ ಬಿಟ್ರೆ ಓದು ಕೈತಪ್ಪಿ ಹೋಗುತ್ತೆ ಅಂತ ಹೇಳ್ಕೊಂಡು ಬಂದಿರೋನು ನಾನು. ಈಗ ನನ್ನ ಮಗನೇ ಮನೇಲಿದ್ರೆ ಜನಕ್ಕೆ ಏನಂತ ಉತ್ತರ ಕೊಡ್ಲಿ?"

"ಜನ ಕೇಳೋದೇ ಇಲ್ಲಪ್ಪ. ಅವರಿಗೆ ಅವರವರದ್ದೇ ಸಾಕಾಗಿದೆ."

"ನಮ್ಮೂರಿನ ಜನ ಕೇಳಲ್ವಾ?" ಮೇಷ್ಟ್ರಿಗೆ ನಗು ಬಂತು. "ಹಾಗಾದ್ರೆ ಬರ್ಕೊಡು."

ಸಿದ್ಧಾರ್ಥ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೇಬಿಟ್ಟ. "ಕಾಲೇಜಿಗೆ ಸೇರುವ ಗಡುವು ಮುಗಿಯುವುದರೊಳಗೆ ಊರಿನವರು ಒಬ್ಬರಾದರೂ ಬಂದು, ನಿಮ್ಮ ಮಗ ಯಾಕೆ ಕಾಲೇಜಿಗೆ ಹೋಗಲಿಲ್ಲ ಎಂದು ಅಪ್ಪನನ್ನು ಕೇಳಿದರೆ ಮರುಮಾತಿಲ್ಲದೆ ಸೇರುತ್ತೇನೆ. ಕೇಳದಿದ್ದರೆ ಈ ವರ್ಷ ನನ್ನದು." ಇಬ್ಬರೂ ಸಹಿ ಹಾಕಿದರು. ಹೇಗೂ ಕೊನೆಯ ದಿನ ಸೇರುತ್ತಾನೆ ಅಂದುಕೊಂಡು ಆರು ದಿನ ಊರಿನವರು ಯಾರೂ ಬಾಯಿಬಿಡಲಿಲ್ಲ. ಈಗ ಆ ಕೊನೆಯ ದಿನವೇ ಬಂದಿತ್ತು. ಕಾಲೇಜಿನ ಆಫೀಸು ಐದಕ್ಕೆ ಮುಚ್ಚುತ್ತದೆ, ಬೈಕಿನಲ್ಲಿ ಒಂದು ಗಂಟೆ ದಾರಿ. ನಾಲ್ಕು ದಾಟಿದರೆ ಸಿದ್ಧಾರ್ಥ್ ಗೆದ್ದಂತೆ. ಮೇಷ್ಟ್ರು ಶಾಲೆಗೆ ರಜೆ ಹಾಕಿ, ಬೈಕಿಗೆ ಪೆಟ್ರೋಲ್ ತುಂಬಿಸಿ, ಪೇಪರ್ ಹಿಡಿದು ಜಗಲಿಯ ಮೇಲೆ ಪ್ರಶ್ನೆಗಾಗಿ ಕಾದು ಕೂತರು. ಸಿದ್ಧಾರ್ಥನ ಅಮ್ಮ ಅಂಗನವಾಡಿ ತರಬೇತಿಗೆಂದು ಗೌರಿಬಿದನೂರಿಗೆ ಹೋಗಿದ್ದರಿಂದ ಮನೆಯಲ್ಲಿ ಬುದ್ಧಿ ಹೇಳುವವರೂ ಯಾರೂ ಇರಲಿಲ್ಲ.

ಅಮೃತ ಮೇಡಂ ಹೆಪ್ಪಿಗೆ ಬಂದದ್ದು ಹಿತ್ತಲ ಬಾಗಿಲಿಗೆ. ಉಡುಪಿ ಕಡೆಯವರು, ಈ ಊರಿಗೆ ವರ್ಗವಾಗಿ ಬಂದು ಎರಡೇ ತಿಂಗಳು. ಒಳ್ಳೆಯವರು ಅಂದರೆ ಅತಿ ಒಳ್ಳೆಯವರು. ಸಿದ್ಧಾರ್ಥನ ಕಾಲೇಜಿನ ಫಾರಂ ಕಂಪ್ಯೂಟರಿನಲ್ಲಿ ತುಂಬಿಕೊಟ್ಟವರೂ ಅವರೇ.

"ಅಜ್ಜಿ, ಸಿದ್ಧಾರ್ಥ ಇನ್ನೂ ಕಾಲೇಜಿಗೆ ಸೇರ್ಲಿಲ್ವಾ? ಇವತ್ತೇ ಕೊನೆ ದಿನ ಅಲ್ವಾ, ನನಗೆ ನೆನಪುಂಟು."

ಕೇಳಿದ್ದು ಅಪ್ಪನನ್ನಲ್ಲ, ಅಜ್ಜಿಯನ್ನು. ಹಾಗಾಗಿ ಕರಾರಿಗೆ ಧಕ್ಕೆಯಿಲ್ಲ. ಆದರೆ ಅಜ್ಜಿ ಅಶ್ವತ್ಥಮ್ಮ ಐವತ್ತು ವರ್ಷದಿಂದ ಹುಳು ಸಾಕಿದವರು. ಅವರಿಗೆ ಲೋಕವೆಲ್ಲ ಹುಳುಮನೆಯ ಭಾಷೆಯಲ್ಲೇ ಅರ್ಥವಾಗುತ್ತಿತ್ತು.

"ಅವ್ನಾ? ಜ್ವರಕ್ಕೆ ಕೂತವ್ನೆ ಕಣಮ್ಮ. ನಾಲ್ಕನೇ ಜ್ವರ. ಈಗ ಮುಟ್ಟಬಾರ್ದು, ಕದಲಿಸಬಾರ್ದು. ತಾನಾಗೇ ಎದ್ದ ಮ್ಯಾಲೆ ನೋಡು, ಎಷ್ಟು ಹಾಕಿದ್ರೂ ಸಾಲಲ್ಲ."

ಹುಳು ಸಾಕುವವರ ಮಾತಿನಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ಬೆಳೆಯುವ ಹುಳುವಿಗೆ ಮೈಮೇಲಿನ ಚರ್ಮ ಬಿಗಿಯಾದಾಗ ಅದು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಹೀಗೆ ನಾಲ್ಕು ಸಲ. ನಾಲ್ಕನೇ ಜ್ವರದಿಂದ ಎದ್ದ ಹುಳುವೇ ಗೂಡು ಕಟ್ಟುವುದು. ಮೊಮ್ಮಗನಿಗೆ ಬಾಲವಾಡಿ ಒಂದು ಜ್ವರ, ಮಿಡ್ಲ್ ಸ್ಕೂಲು ಎರಡು, ಎಸ್ಸೆಸ್ಸೆಲ್ಸಿ ಮೂರು, ಪಿಯುಸಿ ನಾಲ್ಕು ಎಂದು ಅಜ್ಜಿ ಎಣಿಸಿಕೊಂಡಿದ್ದರು. ಒಂದು ವರ್ಷದ ರಜೆಗೆ ಇದಕ್ಕಿಂತ ಚೆಂದದ ಸಮರ್ಥನೆ ಯಾವ ಪ್ರೊಫೆಸರಿಗೂ ಹೊಳೆಯುತ್ತಿರಲಿಲ್ಲ.

ಆದರೆ ಉಡುಪಿಯಲ್ಲಿ ಜ್ವರ ಎಂದರೆ ಜ್ವರವೇ. ಮೇಡಂ ಹೆಪ್ಪಿನ ಬಟ್ಟಲು ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಬೀದಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಹೋಗಿತ್ತು. "ಮೇಷ್ಟ್ರ ಮಗ ಸಿದ್ಧಾರ್ಥನಿಗೆ ನಾಲ್ಕನೇ ಬಾರಿ ಜ್ವರ. ಆಹಾರ ಬಿಟ್ಟಿದ್ದಾನೆ. ಕದಲುತ್ತಿಲ್ಲ. ಎಲ್ಲರೂ ಪ್ರಾರ್ಥಿಸಿ." ಕೆಳಗೆ ಕೈಮುಗಿದ ಚಿತ್ರಗಳು ಆರು. ಮೇಷ್ಟ್ರ ಹತ್ತಿರ ಇದ್ದದ್ದು ಒತ್ತುಗುಂಡಿಯ ಹಳೇ ಫೋನು, ಹಾಗಾಗಿ ಅವರಿಗೆ ಇದೊಂದೂ ತಿಳಿಯಲಿಲ್ಲ.

ಒಂಬತ್ತಕ್ಕೆ ಎದುರು ಮನೆಯ ಮುನಿಗಂಗಮ್ಮ ಪರಂಗಿ ಎಲೆ ಅರೆದ ರಸ ಹಿಡಿದು ಹಿತ್ತಲಿಂದ ಒಳಗೆ ಬಂದರು. ಸಿದ್ಧಾರ್ಥ್ ಅಡುಗೆಮನೆಯಲ್ಲಿ ನಿಂತು ಮೂರನೇ ಮುದ್ದೆ ಮುರಿಯುತ್ತಿದ್ದ.

"ಇದೇನೋ ಅಪ್ಪಯ್ಯ, ಜ್ವರ ಅಂದ್ರು, ಮುದ್ದೆ ತಿಂತಿದ್ದೀಯ?"

"ಜ್ವರಾನಾ? ನನಗಾ?"

"ಮತ್ತೆ ಜ್ವರ ಇಲ್ವಾ? ಇಲ್ದಿದ್ರೆ ಮನೇಲ್ಯಾಕಿದ್ದೀಯ? ತಡಿ, ಮೇಷ್ಟ್ರನ್ನೇ ಕೇಳ್ತೀನಿ." ಮುನಿಗಂಗಮ್ಮ ಜಗಲಿಯ ಕಡೆ ತಿರುಗಿದರು.

ಸಿದ್ಧಾರ್ಥನ ತಲೆ ಚುರುಕು. ಆರೋಗ್ಯವಾಗಿರುವ ಹುಡುಗ ಮನೆಯಲ್ಲಿದ್ದರೆ ಯಾಕೆ ಅಂತ ಕೇಳುತ್ತಾರೆ. ಜ್ವರದ ಹುಡುಗ ಮನೆಯಲ್ಲಿದ್ದರೆ ಹೇಗಿದೆ ಅಂತ ಮಾತ್ರ ಕೇಳುತ್ತಾರೆ. ಅವನು ಮುದ್ದೆ ತಟ್ಟೆಗೆ ಬಿಟ್ಟು ಹಣೆ ಹಿಡಿದುಕೊಂಡ. "ಅದೇ ಅತ್ತೆ, ಜ್ವರದಲ್ಲಿ ಏನು ತಿಂತಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ."

ಮುನಿಗಂಗಮ್ಮ ಅವನನ್ನು ಮಂಚಕ್ಕೆ ಕರೆದೊಯ್ದು ಮಲಗಿಸಿ, ಮೂಗು ಹಿಡಿದು ಪರಂಗಿ ರಸ ಕುಡಿಸಿದರು. ಹಾಗಲಕಾಯಿ ಅದರ ಮುಂದೆ ಪಾಯಸ.

ಅಲ್ಲಿಂದ ಜನ ಸಾಲುಗಟ್ಟಿದರು. ಒಬ್ಬೊಬ್ಬರೂ ಜಗಲಿಯಲ್ಲಿ ನಿಂತು, "ಜ್ವರ ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿ ಒಳಗೆ ಬರುವುದು, ಹಣೆ ಮುಟ್ಟುವುದು, ಒಂದು ಕಷಾಯ ಕೊಡುವುದು. ನಾಲ್ಕೈದು ಜನ ಹೋದ ಮೇಲೆ ಮೇಷ್ಟ್ರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಏನೋ ಇದು ನಾಟಕ?"

"ನಾನು ಶುರು ಮಾಡಿದ್ದಲ್ಲಪ್ಪ. ಆದ್ರೆ ನೀವೇ ಹೇಳಿ, ಯಾಕೆ ಕಾಲೇಜಿಗೆ ಹೋಗಿಲ್ಲ ಅಂತ ಒಬ್ರಾದ್ರೂ ಕೇಳಿದ್ರಾ? ಬರೆದಿದ್ದು ಬರೆದಂಗೆ. ಮಾತು ಅಂದ್ರೆ ಮಾತು."

ಮೇಷ್ಟ್ರು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಸೂತ್ರಕ್ಕೆ ಬದ್ಧರು. "ಆಯ್ತು. ನಾನು ಸುಳ್ಳಂತೂ ಹೇಳಲ್ಲ, ಕೇಳಿದೋರಿಗೆ ನೀವೇ ನೋಡಿ ಅಂತೀನಿ" ಎಂದು ಜಗಲಿಗೆ ವಾಪಸಾದರು. ಹೋಗುವಾಗ ಅವರ ಮೀಸೆಯಡಿ ನಗು ಇದ್ದದ್ದನ್ನು ಸಿದ್ಧಾರ್ಥ್ ನೋಡಲಿಲ್ಲ.

ಹನ್ನೊಂದಕ್ಕೆ ಶಿಡ್ಲಘಟ್ಟದಿಂದ ದಸ್ತಗಿರ್ ಸಾಹೇಬರೇ ಬಂದರು. ಮೇಷ್ಟ್ರ ಹಳೆಯ ಸ್ನೇಹಿತರು. ಕಂಕುಳಲ್ಲಿ ಎರಡು ಕಂಬಳಿ, ಕೈಯಲ್ಲಿ ಹೆಂಡತಿ ತಾಹಿರಾ ಮಾಡಿಕೊಟ್ಟ ಮೆಣಸಿನ ಕಷಾಯದ ಫ್ಲಾಸ್ಕು.

"ಕೈಸಾ ಹೈ ಬೇಟಾ? ಬೆವರು ಹರಿದ್ರೆ ಜ್ವರ ತಾನೇ ಓಡ್ತದೆ" ಎಂದು ಎರಡೂ ಕಂಬಳಿ ಹೊದಿಸಿ, ನಾಲ್ಕೂ ಅಂಚು ಹಾಸಿಗೆಯಡಿ ಸಿಕ್ಕಿಸಿದರು. "ಮುಂದಿನ ತಿಂಗಳು ನಮ್ಮ ಕಡೆ ಕೆಲಸ ಕಲಿಯಕ್ಕೆ ಬರ್ತೀನಿ ಅಂದಿದ್ದೆಯಲ್ಲ. ನಿಂಗೆ ಒಂದು ಸೀಟು ಕಿಟಕಿ ಪಕ್ಕಾನೇ ಇಟ್ಟಿದೀನಿ."

ಸಿದ್ಧಾರ್ಥನಿಗೆ ಆಗ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ಪ್ರೀತಿ ಇಟ್ಟವರಿಗೆ ಸುಳ್ಳು ಹೇಳಿ ಮಲಗಿದ್ದು ಅವನ ಹೊಟ್ಟೆಯಲ್ಲಿ ಚುಚ್ಚಿತು. ಕಷಾಯವೂ ಚುಚ್ಚುತ್ತಿದ್ದುದರಿಂದ ಯಾವುದು ಎಷ್ಟು ಅನ್ನುವುದು ಸರಿಯಾಗಿ ತಿಳಿಯಲಿಲ್ಲ.

ಮಧ್ಯಾಹ್ನ ಅಮೃತ ಮೇಡಂ ಬ್ಯಾಂಕಿನಿಂದ ಅಜ್ಜಿಗೆ ಫೋನ್ ಮಾಡಿದರು.

"ಅಜ್ಜಿ, ಜ್ವರ ಹೇಗುಂಟು?"

ಅಜ್ಜಿ ಬೆಳಗಿನಿಂದ ಹುಳುಮನೆ ಬಿಟ್ಟು ಕದಲಿರಲಿಲ್ಲ. ಅವರು ಸಾಕಿದ್ದ ಹುಳುವೂ ಹಿಂದಿನ ಸಂಜೆಯಿಂದ ನಾಲ್ಕನೇ ಜ್ವರಕ್ಕೇ ಕೂತಿತ್ತು. "ಚೆನ್ನಾಗಿ ಕೂತೈತಮ್ಮ. ತಲೆ ಎತ್ಕೊಂಡೈತೆ, ಅಲ್ಲಾಡ್ತಿಲ್ಲ."

"ದೇವರೇ. ಡಾಕ್ಟರಿಗೆ ತೋರಿಸಿದ್ರಾ?"

"ಇದಕ್ಕೆ ಡಾಕ್ಟ್ರು ಯಾಕಮ್ಮ? ಮೈಮ್ಯಾಲೆ ಸುಣ್ಣದ ಪುಡಿ ಉದುರಿಸಿವ್ನಿ. ಸಂಜೆಗೆ ಏಳ್ತೈತೆ."

ಆ ಕಡೆ ಮೇಡಂ ಎದುರಿಗಿದ್ದ ಲೆಡ್ಜರು ಮುಚ್ಚಿದರು. ಆಮೇಲೆ, "ನೀವು ಸುಮ್ಮನಿರಿ ಅಜ್ಜಿ, ಇನ್ನು ನಾನೇ ಏನಾದ್ರೂ ಮಾಡ್ತೇನೆ" ಎಂದು ಫೋನಿಟ್ಟರು.

ಮೂರೂವರೆಯ ಹೊತ್ತಿಗೆ ಸಿದ್ಧಾರ್ಥನ ಹೊಟ್ಟೆಯಲ್ಲಿ ಏಳು ಬಗೆಯ ಕಷಾಯವಿತ್ತು, ಅಂಗಿ ಹಿಂಡಿದರೆ ಬಕೆಟ್ ತುಂಬುವಂತಿತ್ತು. ಇನ್ನು ಅರ್ಧ ಗಂಟೆ ಎಂದು ಗೋಡೆ ಗಡಿಯಾರ ನೋಡುತ್ತಾ ಹಲ್ಲು ಕಚ್ಚಿ ಮಲಗಿದ್ದ. ಗೆಲುವಿನ ಬಗ್ಗೆ ಈಗಲೂ ಅನುಮಾನವಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದೆ ಎನ್ನುವಾಗ ವೆಂಕಟರವಣಪ್ಪ ಬಂದರು. ಸಿಮೆಂಟು ಅಂಗಡಿಯವರು, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಸೆಯವರು. ಯಾರ ಮನೆಯಲ್ಲಿ ಜ್ವರವೆಂದರೂ ಹೋಗಿ ಹೊಗೆ ಹಾಕಿ ಫೋಟೊ ತೆಗೆಸಿಕೊಳ್ಳಲು ಸೊಳ್ಳೆ ಹೊಗೆಯ ಮಿಷಿನ್ನು ಕೊಂಡಿದ್ದರು. ಹಿಂದೆ ಹತ್ತಿಪ್ಪತ್ತು ಜನ. ಸೊಳ್ಳೆ ಇರುವುದು ಹಿತ್ತಲ ಮೋರಿಯಲ್ಲಿ ಎಂದು ನೇರ ಅಲ್ಲಿಗೇ ನಡೆದರು.

ಕಂಬಳಿಯೊಳಗಿದ್ದ ಸಿದ್ಧಾರ್ಥನಿಗೆ ಡರ್ರ್ ಎಂಬ ಸದ್ದು ಕೇಳಿತು. ಮೂಗಿಗೆ ಡೀಸೆಲ್ಲಿನ ವಾಸನೆ ಬಡಿಯಿತು. ಮೋರಿಯ ಪಕ್ಕದಲ್ಲೇ ಹುಳುಮನೆ. ಸೊಳ್ಳೆ ಸಾಯುವ ಹೊಗೆಗೆ ಹುಳು ಉಳಿಯುವುದುಂಟೆ? ಅದೂ ಜ್ವರಕ್ಕೆ ಕೂತ ಹುಳು, ಅತ್ತಿತ್ತ ಸರಿಯಲೂ ಆಗದ್ದು. ಗಡಿಯಾರ ನೋಡುವುದು ಅವನಿಗೆ ಮರೆತೇಹೋಯಿತು. ಕಂಬಳಿ ಕಿತ್ತೆಸೆದು, ಮಂಚದಿಂದ ಹಾರಿ, ಅಡುಗೆಮನೆಯ ಹೊಸ್ತಿಲು ದಾಟಿ ಓಡಿದ.

"ಅಣ್ಣೋ, ನಿಲ್ಸಿ. ಒಳಗೆ ಹುಳು ಐತೆ, ನಿಲ್ಸಿ."

ವೆಂಕಟರವಣಪ್ಪ ಫೋಟೊಗೆ ಮುಖ ಕೊಟ್ಟು ನಿಂತಿದ್ದರು, ಕೇಳಿಸಲಿಲ್ಲ. ಸಿದ್ಧಾರ್ಥ್ ಮಿಷಿನ್ನಿನ ಮೂತಿಯನ್ನು ಬೀದಿಯ ಕಡೆ ತಿರುಗಿಸಿ, ಸ್ವಿಚ್ಚು ಆರಿಸಿ, ಹುಳುಮನೆಯ ಸುತ್ತ ಓಡಿ ನಾಲ್ಕೂ ಕಿಟಕಿಗೆ ಗೋಣಿತಾಟು ಇಳಿಬಿಟ್ಟ. ಮೊದಲ ಹೊಗೆ ಪೂರ್ತಿ ಬೀದಿಗೆ ಹೋಯಿತು. ಅಜ್ಜಿ ಒಳಗಿಂದ ಕೂಗಿ ಹೇಳಿದರು, "ಏನೂ ಆಗಿಲ್ಲ ಕಣಪ್ಪ, ಚೆನ್ನಾಗವೆ."

ಹೊಗೆ ತಿಳಿಯಾದಾಗ ಹಿತ್ತಲಿನಿಂದ ಅಂಗಳದವರೆಗೂ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು.

"ಏಮಿ ಇದಿ, ಏನಿದು? ಜ್ವರ ಇರೋನು ಹಿಂಗೆ ಓಡ್ತಾನಾ?" ಎಂದರು ವೆಂಕಟರವಣಪ್ಪ.

ಸಿದ್ಧಾರ್ಥ್, ಬಂದಾಗಿನಿಂದ ಅಲ್ಲೇ ಉಳಿದಿದ್ದ ದಸ್ತಗಿರ್ ಸಾಹೇಬರ ಮುಖ ನೋಡಿದ. ಇನ್ನು ಸುಳ್ಳು ಹೇಳುವುದು ಅವನಿಂದಾಗಲಿಲ್ಲ. "ನಂಗೆ ಜ್ವರ ಇಲ್ಲ. ಬೆಳಗ್ಗಿಂದಾನೂ ಇರ್ಲಿಲ್ಲ. ತಪ್ಪಾಯ್ತು."

ಮುನಿಗಂಗಮ್ಮ ಸೊಂಟಕ್ಕೆ ಕೈಯಿಟ್ಟು, ಜಗಲಿಯಿಂದ ಎದ್ದು ಬಂದಿದ್ದ ಮೇಷ್ಟ್ರ ಕಡೆ ತಿರುಗಿದರು. ಇಡೀ ದಿನ ಯಾರ ಬಾಯಿಂದಲೂ ಬರದ ಮಾತು ಬಂದೇಬಿಟ್ಟಿತು. "ಅಲ್ಲ ಮೇಷ್ಟ್ರೇ, ಜ್ವರ ಇಲ್ಲ ಅಂದ ಮ್ಯಾಲೆ ನಿಮ್ಮ ಮಗ ಯಾಕೆ ಕಾಲೇಜಿಗೆ ಹೋಗ್ಲಿಲ್ಲ?"

ಸಿದ್ಧಾರ್ಥ್ ಅಪ್ಪನ ಕಡೆ ತಿರುಗಿದ. ಮೇಷ್ಟ್ರು ನಿಧಾನವಾಗಿ ಕೈಗಡಿಯಾರ ನೋಡಿಕೊಂಡರು.

"ನಾಲ್ಕು ಗಂಟೆ ಆರು ನಿಮಿಷ."

ಆರು ನಿಮಿಷ. ಇನ್ನು ಬೈಕ್ ಎಷ್ಟು ಓಡಿಸಿದರೂ ಆಫೀಸು ಸಿಗುವುದಿಲ್ಲ. ವರ್ಷ ತನ್ನದು. ನೂಲು, ಮಂಡಿ, ಸ್ಕಂದಗಿರಿಯ ದಾರಿ ಎಲ್ಲ ತನ್ನದು. ಸಿದ್ಧಾರ್ಥನಿಗೆ ಅಪ್ಪನನ್ನು ಎತ್ತಿ ತಿರುಗಿಸುವಷ್ಟು ಖುಷಿಯಾಯಿತು. ಸೋತರೂ, ಎಲ್ಲರೆದುರು ತಪ್ಪೊಪ್ಪಿದ ಮಗನ ಬಗ್ಗೆ ಮೇಷ್ಟ್ರ ಮುಖದಲ್ಲಿ ಹೆಮ್ಮೆಯೇ ಇತ್ತು. "ಅದೇನಂದ್ರೆ ಮುನಿಗಂಗಮ್ಮ..." ಎಂದು ಶುರು ಮಾಡಿದರು.

ಅಷ್ಟರಲ್ಲಿ ಅಮೃತ ಮೇಡಂ ಸ್ಕೂಟರ್ ಅಂಗಳಕ್ಕೇ ನುಗ್ಗಿತು. ಬ್ಯಾಂಕಿನಲ್ಲಿ ಹೇಳಿ ಒಂದು ಗಂಟೆ ಮೊದಲೇ ಹೊರಟು ಬಂದಿದ್ದರು.

"ಸಿದ್ಧಾರ್ಥ, ನೀನು ಓದಿನ ಚಿಂತೆ ಮಾಡ್ಬೇಡ ಮಾರಾಯ. ಮಧ್ಯಾಹ್ನವೇ ಕಾಲೇಜಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಪ್ರಿನ್ಸಿಪಾಲರು ಎಷ್ಟು ಒಳ್ಳೆಯವರು ಗೊತ್ತುಂಟಾ? ಇವತ್ತಿನ ಗಡುವು ನಿನಗಿಲ್ಲವಂತೆ. ಜ್ವರ ಬಿಟ್ಟ ಮಾರನೇ ದಿನ ಬಂದು ಸೇರಿದರೆ ಸಾಕು, ಅಲ್ಲಿಯವರೆಗೆ ಸೀಟು ಇಟ್ಟಿರ್ತೇವೆ ಅಂದ್ರು." ಅವರು ಅವನ ಹಣೆ ಮುಟ್ಟಿ ನೋಡಿದರು. "ಬಿಟ್ಟಿತಾ ಜ್ವರ?"

"ಬಿಟ್ಟೈತೆ" ಎಂದಿತು ಅಂಗಳ, ಮೂವತ್ತು ಬಾಯಿ ಒಂದಾಗಿ.

ಮೇಷ್ಟ್ರು ಒಳಗೆ ಹೋಗಿ ನೋಟ್‌ಬುಕ್ ತಂದು ಕೊನೆಯ ಹಾಳೆ ತೆಗೆದು ಮಗನ ಮುಂದೆ ಹಿಡಿದರು. "ನೀನೇ ಬರೆದಿದ್ದು ಕಣೋ. ನಾಲ್ಕು ಗಂಟೆ ಅಂತ ಎಲ್ಲೂ ಇಲ್ಲ. ಗಡುವು ಮುಗಿಯುವುದರೊಳಗೆ ಅಂತ ಇದೆ. ಗಡುವು ನಾಳೆಗೆ ಹೋಯ್ತು, ಪ್ರಶ್ನೆ ಇವತ್ತೇ ಬಂತು. ಮಾತು ಅಂದ್ರೆ ಮಾತು."

ಸಿದ್ಧಾರ್ಥ್ ಎರಡು ಸಲ ಓದಿದ. ಅಕ್ಷರ ದುಂಡಗಿತ್ತು, ಅರ್ಥ ಸ್ಪಷ್ಟವಾಗಿತ್ತು.

ಹುಳುಮನೆಯ ಬಾಗಿಲು ತೆಗೆದು ಅಜ್ಜಿ ಹೊರಗೆ ಬಂದರು. "ಎದ್ದವು ಕಣ್ರೋ, ಒಂದೂ ಬಿಡದಂಗೆ ಎದ್ದವು. ಸೊಪ್ಪು ತನ್ನಿ." ಆಮೇಲೆ ಯಾರೋ ಅವರಿಗೆ ನಡೆದದ್ದನ್ನು ಹೇಳಿದರು. ಅಜ್ಜಿ ಮೊಮ್ಮಗನ ಒದ್ದೆ ತಲೆಯ ಮೇಲೆ ಕೈಯಾಡಿಸಿ, ಮಗನನ್ನು ದುರುಗುಟ್ಟಿಕೊಂಡು ನೋಡಿದರು.

"ಹುಳಕ್ಕಾದ್ರೂ ಒಂದು ಹಗಲು ಒಂದು ರಾತ್ರಿ ಬಿಡ್ತಾರೆ ಕಣಪ್ಪ ಮುನಿಗಂಗ. ನೀನು ಇವನಿಗೆ ಅಷ್ಟೂ ಬಿಡ್ಲಿಲ್ಲ."