ಇನ್‌ಸ್ಪೆಕ್ಟರ ಕೆಂಪು ಮೇಜು

ಕೆಮಿಸ್ಟ್ರಿ ಓದಿದವನಿಗೆ ಮೇಜು ಕುರ್ಚಿ ಮಾರುವ ಸೋದರಮಾವ ಇರಬಾರದು. ಇದ್ದರೆ ಇಂಥವು ಆಗುತ್ತಲೇ ಇರುತ್ತವೆ.

೧. ಪರ್ಮಿಟ್

ಮಾವನ ಅಂಗಡಿ ಕೊಯಮತ್ತೂರಿನಲ್ಲಿ. ಮದ್ಯನಿಷೇಧದ ಕಾಲ. ಪಾಲಿಶ್‌ಗೆ ಅರಗು ಕರಗಿಸಲು ಸ್ಪಿರಿಟ್ ಬೇಕು, ಸ್ಪಿರಿಟ್‌ಗೆ ಪರ್ಮಿಟ್ ಬೇಕು. ಊರಿನ ಅರ್ಧ ಸ್ಪಿರಿಟ್ ಮರಕ್ಕೆ ತಲುಪದೆ ಹೊಟ್ಟೆಗೆ ತಲುಪುತ್ತಿತ್ತು. ಹೊಸ ಇನ್‌ಸ್ಪೆಕ್ಟರು ಮಾವನ ಪರ್ಮಿಟ್ ತಡೆಹಿಡಿದರು.

"ನನ್ನ ಆಫೀಸಿಗೆ ಒಂದು ಮೇಜು ಮಾಡಿಕೊಡಿ. ತೊಟ್ಟು ಸ್ಪಿರಿಟ್ ಇಲ್ಲದೆ. ಆಮೇಲೆ ನೋಡೋಣ."

ಪರ್ಮಿಟ್ ಸಿಗದಿದ್ದರೆ ಅಂಗಡಿ ಮುಚ್ಚಬೇಕು. ಮಾವ ನನ್ನತ್ತ ತಿರುಗಿದರು. "ಬಿ.ಎಸ್ಸಿ. ಓದಿದ್ದೀಯಲ್ಲಪ್ಪಾ, ಏನಾದರೂ ಹೇಳು."

ಬಿಳಿಗಾರ ಹಾಕಿದ ಬಿಸಿನೀರಿನಲ್ಲಿ ಅರಗು ಕರಗುತ್ತದೆ ಎಂದೆ. ಕರಗಿತು. ಮನೆಯಲ್ಲಿ ನನ್ನ ಡಿಗ್ರಿಗೆ ಸಿಕ್ಕ ಮೊದಲ ಮರ್ಯಾದೆ. ಸಂಜೆಯವರೆಗೆ ಇತ್ತು.

೨. ಸಗೋತ್ರ

ಅಂಗಡಿಯ ಬಡಗಿ ಆಸಾರಿ ಮೇಜಿಗೆ ನೀರಿನಲ್ಲಿ ಕಲಸಿದ ಕೆಂಪು ಬಣ್ಣ ಬಳಿದು, ಒಣಗಿಸಿ, ನೀರಿನ ಪಾಲಿಶ್ ಎಳೆದ. ಬಣ್ಣವೆಲ್ಲ ಪಾಲಿಶ್ ಬಟ್ಟೆಗೆ ಬಂತು.

"ತಂಬಿ, ಪಾಲಿಶ್ ಹಾಕ್ತಾ ಇದೀನಾ, ಮೇಜಿಗೆ ಸ್ನಾನ ಮಾಡಿಸ್ತಾ ಇದೀನಾ?"

ಎಣ್ಣೆಯಲ್ಲಿ ಬಣ್ಣ ಕಲಸಿದೆವು. ಪಾಲಿಶ್ ತಾವರೆ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ನಿಂತಿತು. ಎಣ್ಣೆ ಪೂರ್ತಿ ಒಣಗಲಿ, ವಾರ ಬೇಕು ಎಂದೆ.

"ಮೇಜು ನಾಳೆ ಬೇಕು," ಎಂದರು ಮಾವ.

ನೀರಿನ ಬಣ್ಣ, ನೀರಿನ ಪಾಲಿಶ್ ಸಗೋತ್ರ, ಕೂಡದು ಎಂದು ಅವರಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿದೆ.

"ಮುಹೂರ್ತ ಮೀರ್ತಾ ಇರುವಾಗ ಗೋತ್ರ ಯಾರು ಕೇಳ್ತಾರೆ?" ಎಂದು ಮಾವ ಎಣ್ಣೆ ಒರೆಸಿಸಿ, ಕೆಂಪನ್ನೇ ದಪ್ಪಗೆ ಬಳಿಸಿ, ಮೇಲೆ ಪಾಲಿಶ್ ಸವರಿದಂತೆ ಮಾಡಿಸಿ ಕಳಿಸಿದರು.

೩. ಮೊಳಕೈ

ಬೇಸಿಗೆ. ಇನ್‌ಸ್ಪೆಕ್ಟರು ಮಧ್ಯಾಹ್ನವೆಲ್ಲ ಮೇಜಿಗೆ ಕೈಯೂರಿ ಬೆವರಿದರು. ಮರುದಿನ ಅಂಗಡಿಗೆ ಬಂದು ಕೈ ಚಾಚಿದರು. ಮೊಳಕೈವರೆಗೆ ಕೆಂಪು.

"ತೊಳೆದರೂ ಹೋಗ್ತಿಲ್ಲ. ಯಾರನ್ನ ಹೊಡೆದು ಬಂದ್ರಿ ಅಂತ ಕೋರ್ಟಲ್ಲಿ ಎಲ್ಲರೂ ಕೇಳ್ತಾರೆ."

"ಏನು ಹೇಳಿದ್ರಿ ಸಾರ್?" ಎಂದರು ಮಾವ.

"ಮೇಜು ಅಂದೆ. ಯಾರೂ ನಂಬಲಿಲ್ಲ."

೪. ಸಾಕ್ಷಿ

ಮೇಜು ವಾಪಸು ಬಂತು. ಜೊತೆಗೆ ಪೇದೆಯೊಬ್ಬ ಒಂದು ಡಬ್ಬ ಸ್ಪಿರಿಟ್ ತಂದಿಟ್ಟ. ಮಡತ್ತುಕುಳಂನಲ್ಲಿ ಅದನ್ನು ಕುಡಿಯಲು ಮಾರುತ್ತಿದ್ದವನನ್ನು ಹಿಡಿದಾಗ ಸಿಕ್ಕ ಮಾಲಂತೆ. "ಯಾರಿಗೂ ಹೇಳಬೇಡಿ," ಎಂದು ಎಲ್ಲವನ್ನೂ ಹೇಳಿ ಹೋದ.

ಅದೇ ಕೆಂಪು ಬಣ್ಣ, ಮೇಲೆ ಸ್ಪಿರಿಟ್ ಪಾಲಿಶ್. ಗೋತ್ರ ಬೇರೆ, ಬಣ್ಣ ಕದಲಲಿಲ್ಲ. ಮೇಜು ಕನ್ನಡಿಯಾಯಿತು.

ಮೇಜು ತಲುಪಿಸಿ ಪರ್ಮಿಟ್ ಕೇಳಲು ಮಾವ ಮತ್ತು ನಾನು ಇನ್‌ಸ್ಪೆಕ್ಟರ ಆಫೀಸಿಗೆ ಹೋದ ದಿನವೇ ಮಡತ್ತುಕುಳಂನವನ ಮೊಕದ್ದಮೆ ಬಿದ್ದುಹೋಗಿತ್ತು. ಕೋರ್ಟಿಗೆ ಹಾಜರಾದ ಡಬ್ಬದಲ್ಲಿ ಇದ್ದದ್ದು ನೀರು. ಬಿಡುಗಡೆಯಾದವನು ಜಪ್ತಿಯಾಗಿದ್ದ ಸೈಕಲ್ ಕೇಳಲು ಅಲ್ಲಿಗೇ ಬಂದ. ಮೇಜು ನೋಡಿದ. ನಮ್ಮನ್ನು ನೋಡಿದ. ಬಗ್ಗಿ ಮೇಜನ್ನು ಮೂಸಿದ. ಇನ್‌ಸ್ಪೆಕ್ಟರು ತಲೆ ಎತ್ತದೆ ನಮ್ಮ ಪರ್ಮಿಟ್‌ಗೆ ಸಹಿ ಹಾಕಿದರು.

"ಎಷ್ಟೋ ಜನ ಕುಡಿದರು ಸಾಮೀ," ಎಂದ ಅವನು. "ಒಬ್ಬನ ಮುಖವೂ ಹೀಗೆ ಹೊಳೆಯಲಿಲ್ಲ."