ರೊಟ್ಟಿಯ ಅಂಚು ನೋಡುವ ಮಾಮಾ

ನಮ್ಮ ಮಾಮಾ ನಂಬಿರುವುದಿಷ್ಟೇ: ಜಗತ್ತಿನಲ್ಲಿ ಎರಡೇ ಇವೆ, ನಡು ಮತ್ತು ಅಂಚು. ನಡುವಿನ ಬಗ್ಗೆ ಅವರಿಗೆ ಕಿಂಚಿತ್ತೂ ಆಸಕ್ತಿಯಿಲ್ಲ!

ಅವರು ನನ್ನ ತಾಯಿಯ ತಮ್ಮ. ಕೊಪ್ಪಳದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಉಳಿದ ಹೊತ್ತೆಲ್ಲ ಒಂದೇ ಪ್ರಶ್ನೆ. ಹಲವು ಸಂಕೀರ್ಣ ಚರಗಳ ಹೋಲೋಮಾರ್ಫಿಕ್ ಮ್ಯಾಪಿಂಗು ಎಂಬ ಗಣಿತದ ಸೂತ್ರವೊಂದು ಒಂದು ಕ್ಷೇತ್ರವನ್ನು ಬಿಂದುವಿಗೆ ಬಿಂದು ಇನ್ನೊಂದರ ಮೇಲೆ ಹೊಂದಿಸುತ್ತದೆ. ಒಳಗೆಲ್ಲ ನುಣುಪು. ಎರಡೂ ಕ್ಷೇತ್ರಗಳ ಅಂಚೂ ನುಣುಪೇ. ಹಾಗಾದರೆ ಮ್ಯಾಪಿಂಗು ಅಂಚಿನ ತನಕ ನುಣುಪಾಗಿಯೇ ಹೋಗುತ್ತದೆಯೋ, ಕೊನೆಗೆ ಕೈಕೊಡುತ್ತದೆಯೋ?

“ಇದರ ಉಪಯೋಗ ಏನು ಮಾಮಾ?”

“ಉಪಯೋಗ ಇದ್ದಿದ್ರ ನನ್ನ ತನಕ ಉಳೀತಿತ್ತೇನಲೇ?”

ಇಂಥವರನ್ನು ನನಗೆ ಹೆಣ್ಣು ನೋಡಲು ಕುಷ್ಟಗಿಗೆ ಕರೆದೊಯ್ದವನು ನಾನೇ! ಬಸ್ಸು ಹತ್ತುವ ಮೊದಲೇ ಅದು ದಾರಿಯಲ್ಲಿ ಕೆಟ್ಟರೆ ಗತಿಯೇನೆಂದು ಬೆವರುವವನು ನಾನು. ಅವತ್ತಂತೂ ಹುಡುಗಿ ನೋಡಿದೊಡನೆ ಮನಸ್ಸಿಗೆ ಬಂದುಬಿಟ್ಟಿದ್ದಳು, ಬೆವರು ದುಪ್ಪಟ್ಟಾಯಿತು.

“ನಮ್ಮ ಹುಡುಗಿನಽ ಬಡದಾಳ್ರಿ” ಎನ್ನುತ್ತ ಅವಳಪ್ಪ ಜೋಳದ ರೊಟ್ಟಿ ನೀಡಿದರು. ಮಾಮಾ ಮುರಿಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಬೆರಳಾಡಿಸಿದರು.

“ಯಾಕ್ರೀ ಸರ, ಏನರ ಕಮ್ಮಿ ಐತೇನ್ರಿ?”

“ನಡುವ ಏನೂ ತಕರಾರಿಲ್ರಿ. ಅಂಚಿಂದಽ ಚಿಂತಿ.”

ಅವಳಪ್ಪನ ಮುಖ ಬಿಗಿಯಿತು. “ರೊಟ್ಟಿಗೆ ಹೆಸರಿಡಾಕ ಕೊಪ್ಪಳದಿಂದ ಬಂದಾರೇನ?” ಎಂದಿತು ಅಡುಗೆಮನೆಯ ದನಿಯೊಂದು. ನನ್ನ ಮದುವೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಹುಡುಗಿಯೇ ಬಾಗಿಲಿಗೆ ಬಂದಳು. “ಅವು ನಮ್ಮವ್ವ ಬಡದ ರೊಟ್ಟಿರಿ ಸರ. ನನಗ ಬಡಿಯಾಕ ಬರಂಗಿಲ್ಲ.”

ಹೆಣ್ಣು ನೋಡುವ ದಿನ ಅವ್ವನ ರೊಟ್ಟಿ ಮಗಳ ಹೆಸರಿನಲ್ಲಿ ತಾಟಿಗೆ ಬರುವುದು ನಮ್ಮ ಕಡೆ ಹೊಸದೇನಲ್ಲ. ಬಾಯಿಬಿಟ್ಟು ಹೇಳಿದ್ದು ಹೊಸದು!

“ಹಂಗಾದ್ರ ನೀನೊಂದು ಬಡಿಯವಾ” ಎಂದರು ಮಾಮಾ.

ಬಡಿದಳು. ಅಂಚೆಲ್ಲ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಮಾಮಾ ಕುಣಿಯುವುದೊಂದು ಬಾಕಿ! “ನೋಡ್ರಿ ಇಲ್ಲೆ! ನಡುವ ಎಷ್ಟು ಛಲೋ ಐತಿ, ಅಂಚಿಗೆ ಬರೂದ್ರಾಗ ಹೆಂಗ ಕೈಕೊಡ್ತು! ನನ್ನ ಹುಡುಗ್ರಿಗೆ ತೋರಸ್ಬೇಕಿದನ್ನ” ಎಂದು ಕರವಸ್ತ್ರದಲ್ಲಿ ಸುತ್ತಿಕೊಂಡರು. ಮೊದಲು ಹುಡುಗಿ ನಕ್ಕಳು, ಆಮೇಲೆ ಅವಳಪ್ಪ. ನನ್ನ ಮದುವೆ ಗಟ್ಟಿಯಾದದ್ದು ಹೀಗೆ.

ಈಗ ನನ್ನ ಹೆಂಡತಿಯ ರೊಟ್ಟಿಯಂಚು ಎಲ್ಲೂ ಬಿರಿಯುವುದಿಲ್ಲ. ಮಾಮಾ ನಿವೃತ್ತರು. ಮೊನ್ನೆ ಬಂದವರು ತಾಟಿನ ಮುಂದೆ ಕೂತು, ತಮ್ಮ ಆ ಒಂದೇ ಪ್ರಶ್ನೆಗೆ ವರ್ಷಗಟ್ಟಲೆ ಕೂತು ಕಟ್ಟಿದ ಪ್ರೂಫಿನಲ್ಲಿ ತಪ್ಪು ಸಿಕ್ಕಿತೆಂದು ಹೇಳಿದರು. “ಒಳಗೆಲ್ಲಾ ಬರೋಬ್ಬರಿ ಐತಿ. ಅಂಚಿನಾಗ ನಿಲ್ಲವಲ್ದು.” ರೊಟ್ಟಿಯನ್ನು ಬೆಳಕಿಗೂ ಹಿಡಿಯಲಿಲ್ಲ.

ಹೆಂಡತಿ ಅದನ್ನೆತ್ತಿಕೊಂಡು ಒಳಗೆ ಹೋದಳು. ಹಿಟ್ಟಿಗೆ ಬೇಕೆಂದೇ ತಣ್ಣೀರು ಹಾಕಿ, ಸರಿಯಾಗಿ ನಾದದೆ, ಇನ್ನೊಂದು ಬಡಿದು ತಂದಿಟ್ಟಳು. ಸುತ್ತಲೂ ಬಿರುಕು.

“ಇದು ನಾನಽ ಬಡದಿದ್ದು ನೋಡ್ರಿ, ಮಾಮಾರ.”

ಮಾಮಾ ಅವಳನ್ನೊಮ್ಮೆ ನೋಡಿದರು. ರೊಟ್ಟಿಯನ್ನು ಕಿಟಕಿಯತ್ತ ಎತ್ತಿದರು. ಬೆರಳು ಅಂಚಿನ ಮೇಲೆ ಮೆಲ್ಲಗೆ ಹೊರಟಿತು.