ಭಾವನ ಹನ್ನೊಂದು ಟೆಸ್ಟ್ ಡ್ರೈವ್

ಒಂದೇ ಕಾರನ್ನು ಹದಿನೆಂಟು ತಿಂಗಳಲ್ಲಿ ಹನ್ನೊಂದು ಸಲ ಟೆಸ್ಟ್ ಡ್ರೈವ್ ಮಾಡಿ, ಹನ್ನೊಂದು ಸಲವೂ ಶೋರೂಮಿನವರ ಪುಕ್ಕಟೆ ಚಹಾ ಕುಡಿದು, "ನೋಡುವ" ಎಂದು ಎದ್ದು ಬಂದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ ಇರುವುದು. ಅವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಠಾಣೆಯಿಂದ ವಾಶಿಯವರೆಗಿನ ಶೋರೂಮಿನವರೆಲ್ಲ ಶಟರ್ ಎಳೆದುಕೊಂಡಾರು!

ಠಾಣೆ-ಬೇಲಾಪುರ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡಾಡುವವರು ನಮ್ಮ ಭಾವನನ್ನು ಖಂಡಿತ ನೋಡಿರುತ್ತೀರಿ. ನೋಡಿರುವುದೇನು, ಹಿಂದಿನಿಂದ ಹಾರ್ನ್ ಹೊಡೆದು ಬೈದೂ ಇರುತ್ತೀರಿ. ಕೆಂಪು ಬಣ್ಣದ ಪುಟ್ಟ ಡೀಸೆಲ್ ಕಾರು. ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ, ಹಿಂದುಗಡೆ ರೆಕ್ಕೆಯಂಥದ್ದು ಒಂದು, ಚಕ್ರಗಳಂತೂ ಕಣ್ಣು ಕುಕ್ಕುವಂಥವು. ಅದನ್ನು ಕಂಡ ಕೂಡಲೇ ಬೈಕಿನ ಹುಡುಗರಿಗೆ ರೇಸಿನ ಹುರುಪು ಬರುತ್ತದೆ. ಪಕ್ಕಕ್ಕೆ ಬಂದು ಒಳಗೆ ಇಣುಕುತ್ತಾರೆ. ಒಳಗೆ ಬಿಳಿ ಅಂಗಿ ತೊಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಭದ್ರವಾಗಿ ಹಿಡಿದು ಮೂವತ್ತೈದರ ವೇಗದಲ್ಲಿ ಸಾಗುತ್ತಿರುವ ಐವತ್ತನಾಲ್ಕರ ಗೃಹಸ್ಥ! ಹಿಂದಿನ ಡಿಕ್ಕಿಯಲ್ಲಿ ಸಾಂಬಾರು! ಪಾಪ, ಹುಡುಗರು ಮುಖ ಸಣ್ಣ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಸಾಂಬಾರು ಯಾಕೆಂದರೆ ಭಾವನಿಗೆ ಕೋಪರಖೈರಣೆಯಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ಅಲ್ಲಿ ಮಾಡಿದ ಇಡ್ಲಿ-ಸಾಂಬಾರನ್ನು ದಿನಾ ಬೆಳಿಗ್ಗೆ ಐರೋಲಿಯ ಒಂದು ಆಫೀಸಿನ ಕ್ಯಾಂಟೀನಿಗೆ ತಲುಪಿಸಬೇಕು. ಆ ಕಾರಿನ ಎಂಜಿನ್ನಿನಲ್ಲಿ ಟರ್ಬೊ ಎಂಬುದೊಂದು ಇದೆಯಂತೆ. ಸ್ವಲ್ಪ ಜೋರಾಗಿ ಒತ್ತಿದರೆ ಅದು ಎಚ್ಚರಗೊಂಡು ಕಾರನ್ನು ಹಿಂದಿನಿಂದ ಒದ್ದಂತೆ ಮುಂದಕ್ಕೆ ನೂಕುತ್ತದಂತೆ. ಭಾವನ ಕಾರಿನ ಟರ್ಬೊ ಆರು ವರ್ಷಗಳಿಂದ ಗಾಢ ನಿದ್ದೆಯಲ್ಲಿತ್ತು.

ಹಾಗಾದರೆ ಇಂಥ ಓಟದ ಕಾರನ್ನು ಅವರು ಯಾಕೆ ಕೊಂಡರು ಎಂದು ಕೇಳುತ್ತೀರಾ? ಅವರು ಕೊಳ್ಳಲಿಲ್ಲ ಸ್ವಾಮಿ, ಅದು ಅವರ ಪಾಲಿಗೆ ಬಂತು! ಉಡುಪಿಯಲ್ಲಿರುವ ಅವರ ಸೋದರಮಾವನ ಮಗ ಅದನ್ನು ಬುಕ್ ಮಾಡಿದ್ದ. ಬರುವ ಹೊತ್ತಿಗೆ ಅವನಿಗೆ ಬಣ್ಣ ಹಿಡಿಸದೆ ಹೋಯಿತು. ಮಾವ ಫೋನು ಮಾಡಿ "ನೀನು ತಗೋ" ಅಂದರು. ಭಾವ "ಆಯ್ತು ಮಾವ" ಅಂದರು.

"ಆಯ್ತು ಮಾವ" ಎಂಬ ಎರಡು ಶಬ್ದಗಳಲ್ಲಿ ಭಾವನ ಜೀವನಚರಿತ್ರೆಯನ್ನೇ ಬರೆದು ಮುಗಿಸಬಹುದು. ಹತ್ತನೇ ಕ್ಲಾಸು ಮುಗಿಯಿತು, ಇನ್ನು ಮುಂಬಯಿಗೆ ಹೋಗು ಅಂದರು ಮಾವ. ಆಯ್ತು ಮಾವ. ಕೋಪರಖೈರಣೆಯ ಹೋಟೆಲು ನೀನು ನೋಡಿಕೋ. ಆಯ್ತು ಮಾವ. ವರ್ತಕ ನಗರದಲ್ಲಿ ಗುರುತಿನವರ ಮನೆ ಖಾಲಿ ಆಗ್ತದೆ, ಅಲ್ಲಿ ಇರು. ಆಯ್ತು ಮಾವ. ಮದುವೆಯೂ ಹಾಗೆಯೇ ಆಯಿತು! ಹೆಣ್ಣು ನೋಡುವ ಸಮಯಕ್ಕೆ ಹೋಟೆಲಿನ ಅಡುಗೆ ಭಟ್ಟರು ರಜೆಯಲ್ಲಿ ಊರಿಗೆ ಹೋಗಿದ್ದರಿಂದ ಭಾವನಿಗೆ ಬರಲಾಗಲಿಲ್ಲ. ಮಾವನೇ ನಮ್ಮ ಮನೆಗೆ ಬಂದರು, ಎರಡು ಪ್ಲೇಟು ಗೋಳಿಬಜೆ ತಿಂದರು, ಅಕ್ಕನನ್ನು ಒಪ್ಪಿದರು. ಮದುವೆಯ ಮಂಟಪದಲ್ಲಿ ಅಂತರಪಟ ಸರಿಸಿದಾಗಲೇ ಭಾವ ಅಕ್ಕನ ಮುಖ ಮೊದಲು ನೋಡಿದ್ದು. ಆಗ ನನಗೆ ಹನ್ನೆರಡು ವರ್ಷ. ಪಕ್ಕದಲ್ಲೇ ನಿಂತಿದ್ದೆ. ಓಡಿ ಬಂದು ಲೋಕಲ್ ಟ್ರೇನು ಹತ್ತಿ, ಇದು ಫಾಸ್ಟೋ ಸ್ಲೋವೋ ಎಂದು ಇನ್ನೂ ಗೊತ್ತಾಗದವನ ಮುಖ ಇರುತ್ತದಲ್ಲ, ಹಾಗಿತ್ತು ಭಾವನ ಮುಖ.

ಇಂಥ ಭಾವ ಒಂದು ಭಾನುವಾರ ಪೇಪರಿನಲ್ಲಿ ಬೇರೆ ಕಂಪನಿಯ ಒಂದು ಕಾರಿನ ಜಾಹೀರಾತು ನೋಡಿದರು. ನೀಲಿ ಬಣ್ಣದ್ದು. ನೋಡಿ ಎದ್ದು ನಿಂತೇಬಿಟ್ಟರು.

"ಕೆಂಪು ಕೊಟ್ಟು ನೀಲಿ ತರಬೇಕೋ ಬೇಡವೋ ನೋಡ್ತೇನೆ. ಇದೊಂದನ್ನು ನಾನೇ ನೋಡಿ, ನಾನೇ ಆರಿಸುವುದು. ಯಾರೂ ಬಾಯಿ ಹಾಕ್ಲಿಕ್ಕಿಲ್ಲ!"

ಅಕ್ಕ ಬಾಯಿ ಹಾಕಿಯೇ ಹಾಕಿದಳು. "ಅಲ್ಲ, ಇದೂ ಸಣ್ಣದು, ಅದೂ ಸಣ್ಣದು. ಇದೂ ಡೀಸೆಲ್, ಅದೂ ಡೀಸೆಲ್. ಎರಡೂ ಓಡುವ ಕಾರುಗಳೇ, ಓಡಿಸದೇ ಇರುವುದು ನೀವು. ಮತ್ತೆ ಬದಲಿಸುವುದು ಎಂತಕ್ಕೆ?"

ಕಾಲೇಜಿಗೆ ಹೋಗುವ ಮಗಳೂ ಮೊಬೈಲಿನಿಂದ ತಲೆ ಎತ್ತದೆ ಅಂದಳು, "ಪಪ್ಪಾ, ದೋನೋ ಸೇಮ್ ಹೈ ಯಾರ್!"

"ಸೇಮ್ ಹೇಗಾಗ್ತದೆ? ಅದು ನಾನು ಆರಿಸಿದ್ದಾಗ್ತದಲ್ಲ?" ಎಂದರು ಭಾವ. ಐವತ್ತನಾಲ್ಕು ವರ್ಷ ಬೇರೆಯವರು ಬಡಿಸಿದ್ದನ್ನೇ ಉಂಡ ಮನುಷ್ಯನಿಗೆ ಒಮ್ಮೆಯಾದರೂ ತಾನೇ ಕೈಯಾರೆ ಬಡಿಸಿಕೊಳ್ಳಬೇಕು ಅನ್ನಿಸಿದರೆ ತಪ್ಪೇನು ಹೇಳಿ?

ತಪ್ಪಿಲ್ಲ, ಆದರೆ ನನ್ನನ್ನು ಯಾಕೆ ಎಳೆದುಕೊಂಡು ಹೋಗಬೇಕಿತ್ತು? ನಾನು ಡೊಂಬಿವಲಿಯ ಶಾಲೆಯೊಂದರಲ್ಲಿ ಟೀಚರು. ವಾರವಿಡೀ ಮಕ್ಕಳ ಗಲಾಟೆ, ಭಾನುವಾರವಾದರೂ ಕಾಲು ಚಾಚಿ ಮಲಗೋಣವೆಂದರೆ ಭಾವನ ಫೋನು. "ಬಾ ಮಾರಾಯ್ತಿ. ನಿನ್ನ ಅಕ್ಕ ಬಂದ್ರೆ ಹತ್ತು ನಿಮಿಷದಲ್ಲಿ ಅವಳೇ ಆರಿಸಿಬಿಡ್ತಾಳೆ. ನಿಂಗಾದ್ರೆ ಕಾರಿನ ತಲೆಬುಡ ಗೊತ್ತಿಲ್ಲ." ಇಂಥ ಹೊಗಳಿಕೆ ಕೇಳಿಯೂ ಹೋಗದಿರಲು ಆಗುತ್ತದೆಯೇ? ಸ್ಲೋ ಲೋಕಲ್ ಹಿಡಿದು ಠಾಣೆಗೆ ಹೋಗುತ್ತಿದ್ದೆ.

ಮೊದಲ ಟೆಸ್ಟ್ ಡ್ರೈವು ಘೋಡಬಂದರ್ ರಸ್ತೆಯಲ್ಲಿ. ಭಾವ ಚಪ್ಪಲಿಯನ್ನು ಕಾರಿನ ಹೊರಗೆ ಬಿಟ್ಟು ಹತ್ತಿದರು. ಪಕ್ಕದಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ನು. ಹಿಂದೆ ನಾನು, ಮಡಿಲಲ್ಲಿ ಭಾವನ ಚಪ್ಪಲಿ. ರಸ್ತೆ ಅಪರೂಪಕ್ಕೆ ಖಾಲಿ ಇತ್ತು. ಸೇಲ್ಸ್‌ಮನ್ನು ಹುರಿದುಂಬಿಸಿದ, "ಸರ್, ದಬಾಯಿಯೇ ನಾ! ಸ್ಪೋರ್ಟ್ಸ್ ಗಾಡಿ ಹೈ!" ಒತ್ತಿ ಎಂದರೆ ಭಾವ ಬ್ರೇಕನ್ನೇ ಒತ್ತಿದರು. ಒಂದು ರಿಕ್ಷಾ ನಮ್ಮನ್ನು ದಾಟಿತು. ಗ್ಯಾಸ್ ಸಿಲಿಂಡರ್ ಹೊತ್ತ ಟೆಂಪೊ ದಾಟಿತು. ಹಾಲಿನ ಕ್ಯಾನು ಕಟ್ಟಿದ್ದ ಸೈಕಲ್ಲಿನವ ದಾಟುವಾಗ ಹಿಂತಿರುಗಿ ನೋಡಿ ನಕ್ಕ. ಇಳಿದ ಮೇಲೆ ಸೇಲ್ಸ್‌ಮನ್ನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, ನಾಲ್ಕು ವರ್ಷದಿಂದ ಈ ರಸ್ತೆಯಲ್ಲಿ ಗಿರಾಕಿಗಳೊಡನೆ ಓಡಾಡುತ್ತಿದ್ದಾನಂತೆ, ಎರಡೂ ಬದಿಯ ಬೋರ್ಡುಗಳನ್ನು ಪೂರ್ತಿ ಓದಿದ್ದು ಅಂದೇ ಮೊದಲಂತೆ!

ಮೂರನೆಯ ಸಲ ಭಾವ ಸಾಂಬಾರು ತಂದರು.

ಹೌದು, ಸಾಂಬಾರು. ಸ್ಟೀಲಿನ ಪಾತ್ರೆಯಲ್ಲಿ ಕತ್ತಿನ ತನಕ, ಮುಚ್ಚಳ ಇಲ್ಲದೆ. ಶೋರೂಮಿನ ಹೊಳೆಯುವ ನೆಲದ ಮೇಲೆ ಅದನ್ನು ಇಟ್ಟು, "ಕಾರಿನ ಶಾಕ್ ಅಬ್ಸಾರ್ಬರ್ ಹೇಗುಂಟು ಅಂತ ಕಾಗದದಲ್ಲಿ ಬರ್ದದ್ದು ನಂಗೆ ಬೇಡ. ಸಾಂಬಾರು ಸುಳ್ಳು ಹೇಳುವುದಿಲ್ಲ," ಎಂದರು. ಸೇಲ್ಸ್‌ಮನ್ನನ ಮುಖ ಬಿಳಿಚಿತು. ಕೊನೆಗೆ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಹಾಸಿ, ಪಾತ್ರೆ ಇಟ್ಟು, ನುಗ್ಗೆಕಾಯಿಯ ಪರಿಮಳದೊಂದಿಗೆ ಕಳವಾ ದಾಟಿ ವಿಟಾವಾದ ಹೊಂಡಗಳಲ್ಲಿ ಇಳಿದು ಹತ್ತಿ ವಾಪಸು ಬಂದೆವು. ಭಾವ ಬಗ್ಗಿ ಬೆರಳಿನಿಂದ ಅಳೆದರು. ಎರಡು ಬೆರಳಿನಷ್ಟು ಚೆಲ್ಲಿತ್ತು! ಕೆಂಪು ಕಾರಿನಲ್ಲಿ ಚೆಲ್ಲುವುದು ಬರೀ ಒಂದು ಬೆರಳು. ಸದ್ಯ, ತೀರ್ಮಾನವಾಯಿತು, ನನ್ನ ಭಾನುವಾರ ನನಗೆ ಸಿಕ್ಕಿತು ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಭಾವ ತಲೆ ಅಲ್ಲಾಡಿಸಿದರು. "ಇದು ನ್ಯಾಯ ಅಲ್ಲ. ಇವತ್ತಿನ ಸಾಂಬಾರು ತೆಳು ಆಗಿದೆ."

ಹಾಗಾಗಿ ನಾಲ್ಕನೆಯ ಸಲ ಗಟ್ಟಿ ಸಾಂಬಾರು ತಂದು ನೋಡಿದ್ದಾಯಿತು. ಐದನೆಯ ಸಲ ಶೋರೂಮಿನವರೇ ಫೋನು ಮಾಡಿ, ಬರುವಾಗ ಇಡ್ಲಿಯನ್ನೂ ತರಲಾಗುತ್ತದೆಯೇ ಎಂದು ಕೇಳಿದರು.

ಸುದ್ದಿ ನಮ್ಮವರಲ್ಲೆಲ್ಲ ಹಬ್ಬಿತು. ಕಲ್ಯಾಣದಲ್ಲಿ ನೆಂಟರ ಮನೆಯ ಒಂದು ಉಪನಯನ. ಊಟದ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಕೆಂಪಿನ ಪಕ್ಷ, ನೀಲಿಯ ಪಕ್ಷ ಎಂದು ಎರಡಾಯಿತು. "ನೀಲಿ ತಗೊಳ್ಳಿ, ಪಿಕಪ್ ಉಂಟು." "ಬ್ಯಾಡ್ರೀ, ಹಳೇದನ್ನ ಕೊಡಬ್ಯಾಡ್ರಿ, ಕೈಗೆ ಕೂಡಿ ಬಂದೈತಿ," ಎಂದರು ಧಾರವಾಡದ ಕಡೆಯವರೊಬ್ಬರು. ಸಾರು ಬಡಿಸುತ್ತಿದ್ದವರು ಸೌಟು ಎತ್ತಿ ಹಿಡಿದು ಮೈಲೇಜಿನ ಬಗ್ಗೆ ಭಾಷಣ ಮಾಡಿದರು. ಭಾವ ಪಾಯಸ ಬಿಟ್ಟು ಎದ್ದರು. "ನಾನು ಯಾರನ್ನಾದ್ರೂ ಕೇಳಿದ್ದೇನಾ? ನಾನು ಕೇಳಲೇ ಇಲ್ಲ!" ಎಂದು ಕೈ ತೊಳೆಯುವಲ್ಲಿ ನಿಂತು ನಲ್ಲಿಗೆ ಹೇಳುತ್ತಿದ್ದರು.

ಅಂದು ಅಕ್ಕ ನನ್ನೊಟ್ಟಿಗೆ ಡೊಂಬಿವಲಿಗೆ ಬಂದಳು. ಸಂಜೆ ಇಬ್ಬರೂ ಮೆಂತೆಸೊಪ್ಪು ಬಿಡಿಸುತ್ತ ಭಾವನನ್ನು ಆಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುತ್ತ ನಗುತ್ತಲೇ ಅಕ್ಕ ಅಂದಳು, "ಆ ಕಾರನ್ನು ಹತ್ತು ಸಲ ನೋಡಿದ್ರಲ್ಲ ಮಾರಾಯ್ತಿ ಇವ್ರು. ನನ್ನನ್ನು ಒಂದು ಸಲವೂ ಬಂದು ನೋಡ್ಲಿಲ್ಲ. ಮಾವ ಕೊಟ್ಟದ್ದರಲ್ಲಿ ನಾನೂ ಒಂದು." ನಾನು ನಗಬೇಕೆಂದು ಬಾಯಿ ತೆರೆದೆ. ಅವಳು ನಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದಳು ಎಂದು ನನಗೆ ಆಗಲೇ ಗೊತ್ತಾದದ್ದು. ಸೊಪ್ಪಿನ ದಂಟುಗಳನ್ನು ಕೂಡಿಸಿ ಕಸದ ಬುಟ್ಟಿಗೆ ಹಾಕಿ ಬಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದನೆಯ ಟೆಸ್ಟ್ ಡ್ರೈವು. ಸಾಂಬಾರು ಇರಲಿಲ್ಲ. ವಾಪಸು ಬರುವಾಗ ಭಾವ ವರ್ತಕ ನಗರದ ಮನೆಯ ಮೆಟ್ಟಿಲು ಹತ್ತುತ್ತ ನನ್ನ ಕಿವಿಯಲ್ಲಿ ಹೇಳಿದರು, "ನೀಲಿಯೇ. ಮನಸ್ಸು ಆಯ್ತು. ನೀನು ಹೇಳ್ಬೇಡ, ನಾನೇ ಹೇಳ್ತೇನೆ." ಅವರ ಮುಖ ಹೊಸ ಅಂಗಿ ಹಾಕಿಕೊಂಡ ಮಗುವಿನ ಮುಖದ ಹಾಗಿತ್ತು.

ಬಾಗಿಲು ತೆಗೆಯುವುದಕ್ಕೂ ಮೊಬೈಲು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಉಡುಪಿಯಿಂದ ಮಾವ! ಎಂಬತ್ತು ದಾಟಿದವರು, ಕಿವಿ ಮಂದ, ಹಾಗಾಗಿ ಮಾತೆಲ್ಲ ಕಿರಿಚಿಯೇ. ಫೋನನ್ನು ಒಂದು ಗೇಣು ದೂರ ಹಿಡಿದರೂ ಮನೆಗೆಲ್ಲ ಕೇಳುತ್ತದೆ.

"ಎಂಥದು ಅದು, ಒಂದು ಕಾರಿಗೆ ಒಂದೂವರೆ ವರ್ಷ? ವಾಶಿಯಲ್ಲಿ ನನ್ನ ಗುರುತಿನವರಿದ್ದಾರೆ. ನೀಲಿಗೆ ಮಾತಾಡಿ ಆಯ್ತು, ನಿನ್ನ ಹೆಸರಲ್ಲೇ. ನಾಳೆ ಹೋಗಿ ತಗೊಂಡು ಬಾ!"

ಅಯ್ಯೋ! ಮೆಟ್ಟಿಲಿನ ಮೇಲೆ ಮಾಡಿದ ಆಯ್ಕೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮಾವನದ್ದಾಗಿತ್ತು. ಇನ್ನೇನು ಆ ಎರಡು ಶಬ್ದ ಬರುತ್ತವೆ ಎಂದು ನಾನೂ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನೂ ಕಾದೆವು.

"ಬೇಡ ಮಾವ," ಎಂದರು ಭಾವ.

"ಆಂ? ನೆಟ್‌ವರ್ಕ್ ಸರಿ ಇಲ್ಲ, ಪುನಃ ಹೇಳು."

"ಬೇಡ. ನಾನೇ ನೋಡ್ತೇನೆ."

"ನಿಂಗೆ ಎಂಥ ನೋಡ್ಲಿಕ್ಕೆ ಬರ್ತದೆ? ನಾನು ಆರಿಸಿದ್ರಲ್ಲಿ ಯಾವುದು ಹಾಳಾಗಿದೆ, ಹೇಳು! ಹೋಟೆಲು ಹಾಳಾಗಿದ್ಯಾ? ಮನೆ? ಹೆಂಡ್ತಿ?"

ಭಾವ ಫೋನನ್ನು ಬಾಯಿಯ ಹತ್ತಿರ ತಂದರು. ಆಮೇಲೆ, ಕಿವುಡರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಯಾವುದೂ ಹಾಳಾಗ್ಲಿಲ್ಲ ಮಾವ. ಅದೇ ನಂಗೆ ಬೇಜಾರು. ಇಷ್ಟು ಒಳ್ಳೆಯವಳನ್ನು ನಾನೇ ಬಂದು ನೋಡ್ಬೇಕಿತ್ತು. ನಾನೇ ಒಪ್ಪಿ ತಂದದ್ದು ಅಂತ ಅವಳಿಗೆ ಒಂದು ದಿನ ಹೇಳ್ಲಿಕ್ಕಾದ್ರೂ ಆಗ್ತಿತ್ತು."

"ಹಾಗಾದ್ರೆ ನೀನೇ ನೋಡು ಮತ್ತೆ," ಎಂದು ಮಾವ ಫೋನಿಟ್ಟರು. ಜೀವಮಾನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದು ಕೇಳಿದೆ.

ಮೂರು ವಾರ ಬಿಟ್ಟು ಭಾವ ಯಾರಿಗೂ ಹೇಳದೆ ಒಬ್ಬರೇ ಹೋಗಿ ನೀಲಿ ಕಾರು ತಂದರು. ಮಾವ ಹೇಳಿದ ಅದೇ ನೀಲಿ! ಮಗಳು ಹಣೆ ಚಚ್ಚಿಕೊಂಡು "ತೇಚ್ ಘ್ಯಾಯಚಂ ಹೋತಂ ತರ್..." ಎಂದು ಮರಾಠಿಯಲ್ಲಿ ಶುರು ಮಾಡಿದಳು. ಅದನ್ನೇ ತರುವುದಿದ್ದರೆ ಅಂದೇ ತರಬಹುದಿತ್ತಲ್ಲ ಎಂದು. ಅವಳಿಗೆ ಅರ್ಥವಾಗಲಿಲ್ಲ, ಬಿಡಿ. ಈಗಲೂ ಆ ಕಾರು ಓಡುವುದು ಮೂವತ್ತೈದರಲ್ಲೇ.

ಆದರೆ ನಾನು ಹೇಳಹೊರಟದ್ದು ಆ ಭಾನುವಾರದ್ದು. ಫೋನಿಟ್ಟ ಮೇಲೆ ಭಾವ ಕುರ್ಚಿಯಲ್ಲಿ ಕುಸಿದು ಕೂತಿದ್ದರು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅಕ್ಕ ಒಳಗೆ ಹೋಗಿ ಗ್ಯಾಸು ಆರಿಸಿದಳು. ಹೆಗಲ ಮೇಲಿದ್ದ ಟವೆಲಿನಲ್ಲಿ ಕೈ ಒರೆಸಿಕೊಂಡು ಬಂದು ಭಾವನ ಎದುರು ನಿಂತಳು. ಮ್ಯಾಕ್ಸಿಯ ತುಂಬ ಹಿಟ್ಟು, ಹಣೆಗೆ ಅಂಟಿದ ನರೆಗೂದಲು.

"ಈಗ ನೋಡಿ," ಎಂದಳು.

ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು ತಲೆ ಎತ್ತಿದರು. ಕಾರಿನ ಅಡಿಗೆ ತೂರಿ, ಬಾಗಿಲು ಬಡಿದು, ಬೆರಳಿಟ್ಟು ಅಳೆದು ಒಂದೂವರೆ ವರ್ಷ ನೋಡಿದ ಮನುಷ್ಯ ಅಕ್ಕನನ್ನು ನೋಡಿದ್ದು ಒಂದೇ ಸಲ.

"ನಂಗೆ ಒಪ್ಪಿಗೆ ಉಂಟು," ಎಂದರು. ಆಮೇಲೆ, "ನಿಂಗೆ?"

ಆ ಪ್ರಶ್ನೆಯನ್ನು ಅಕ್ಕನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮಾವ ಗೋಳಿಬಜೆ ತಿಂದು ಹೋದ ದಿನ ನಮ್ಮ ಅಪ್ಪನೂ ಕೇಳಿರಲಿಲ್ಲ, ಅಮ್ಮನೂ ಕೇಳಿರಲಿಲ್ಲ. ಅಕ್ಕ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೂಂ ಎಂದು ತಲೆ ಆಡಿಸಿದಳು.